ಮಗಳಿಗೊಂದು ಪತ್ರ: ಮೇಜಿನ ಕಾಲು ಕತ್ತರಿಸುವ ಮೊದಲು

ಪೆರ್ಲ, ಕಾಸರಗೋಡು ಜಿಲ್ಲೆ,
ಬಿಸುವಿನ ಮರುದಿನ

ಪ್ರೀತಿಯ ಪುಟ್ಟೀ,

ನಿನ್ನ ಸೋದರಮಾವ ಬೆಂಗಳೂರಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಒಂದು ಕಟ್ಟು ಹಲಸಿನ ಹಪ್ಪಳ, ಜೊತೆಗೆ ಈ ಪತ್ರ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಎಲ್ಲದಕ್ಕೂ ಹ್ಞೂಂ ಅನ್ನುತ್ತೀ, ಇಟ್ಟ ಮೇಲೆ ಮರೆಯುತ್ತೀ. ಇದರಲ್ಲಿ ಅಳತೆಗಳಿವೆ. ನಿಧಾನವಾಗಿ ಓದು.

ಮೇ ಕೊನೆಯ ಪತ್ತನಾಜೆ ಕಳೆದು ಬರುತ್ತೇನೆ, ಮಳೆಗಾಲ ಮುಗಿಯುವವರೆಗೆ ಮನೆಯಿಂದಲೇ ಕೆಲಸ, ಒಂದು ಮೇಜು ಹಿಡಿಯುವಷ್ಟು ಜಾಗ ಇದ್ದರೆ ಸಾಕು ಎಂದೆಯಲ್ಲ, ಅದರ ಮಾತು ಇದು. ಅಪ್ಪ ಕೂಡಲೇ ಚಾವಡಿ ಎಂದರು. ಗಾಳಿ ಬರುತ್ತದೆ, ಟಿವಿಯ ಹತ್ತಿರ ಪ್ಲಗ್ ಇದೆ, ಮತ್ತೇನು ಬೇಕು ಅಂತ. ನಾನು ಬೇಡ ಎಂದೆ. ಚಾವಡಿಗೆ ಬಾಗಿಲು ಇದೆ, ಆದರೆ ಅದು ಊರಿಗೆಲ್ಲ ತೆರೆದ ಬಾಗಿಲು. ಅಡಿಕೆ ವ್ಯಾಪಾರಿ ಬರಲಿ, ಮದುವೆ ಕಾಗದ ಕೊಡುವವರು ಬರಲಿ, ಅಲ್ಲೇ ಕೂರುವುದು. ನೀನು ಕಂಪ್ಯೂಟರಿನ ಮುಂದೆ ಕೂತಿದ್ದರೆ ಅವರ ಕಣ್ಣಿಗೆ ಸುಮ್ನೆ ಕೂತ ಹಾಗೆ. "ಮಗಳು ಮನೆಯಲ್ಲೇ ಇದ್ದಾಳಲ್ಲ, ಒಂದು ಲೋಟ ಕಾಫಿ" ಅನ್ನಲು ಯಾರಿಗೂ ಸಂಕೋಚ ಇರುವುದಿಲ್ಲ.

ಇದು ನನಗೆ ಚೆನ್ನಾಗಿ ಗೊತ್ತು. ನನ್ನ ಹೊಲಿಗೆ ಮೆಷಿನು ಇಷ್ಟು ವರ್ಷ ಎಲ್ಲಿತ್ತು ಹೇಳು? ಚಾವಡಿಗೂ ಅಡುಗೆಮನೆಗೂ ನಡುವಿನ ದಾರಿಯಲ್ಲಿ. ಹೋಗುವವರು ಬರುವವರು ನನ್ನ ಬೆನ್ನು ತಾಗಿಸಿಕೊಂಡೇ ಹೋಗಬೇಕು. ನಾಳೆ ಮದುವೆ ಇರುವವರ ರವಿಕೆ ಮಡಿಲಲ್ಲಿದ್ದರೂ, ಹಾಲು ಉಕ್ಕಿದರೆ ಓಡಬೇಕಾದವಳು ನಾನೇ. ನಿನ್ನ ಶಾಲೆಯ ಫೀಸು ಆ ಮೆಷಿನಿನಿಂದ ಹೋದದ್ದು ಎಲ್ಲರಿಗೂ ಗೊತ್ತಿತ್ತು. ಆದರೆ ಅದಕ್ಕೊಂದು ಮೂಲೆ ಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಅದಕ್ಕೇ ನಿನಗೆ ಮೊದಲು ಬಾಗಿಲು, ಆಮೇಲೆ ಮೇಜು.

ಬಡಗು ಕೋಣೆ ಖಾಲಿ ಮಾಡಿಸಿದ್ದೇನೆ. ಅಡಿಕೆ ಗೋಣಿ ಎಲ್ಲ ಅಟ್ಟಕ್ಕೆ ಹೋಯಿತು. ಅಟ್ಟದಲ್ಲೇ ಕೂರುತ್ತೇನೆ, ಚೆಂದ ಕಾಣುತ್ತದೆ ಅಂತ ನೀನು ಹೇಳಿದ್ದೆ. ಹಂಚಿನ ಅಡಿಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಒಮ್ಮೆ ಕೂತು ನೋಡು, ಆಮೇಲೆ ಮಾತಾಡೋಣ. ಬಡಗು ಕೋಣೆ ಚಿಕ್ಕದೇ, ಎಂಟಡಿಗೆ ಆರಡಿ. ಆದರೆ ಬಾಗಿಲಿಗೆ ಒಳಗಿನಿಂದ ಅಗುಳಿ ಇದೆ. ಕಿಟಕಿ ಬಡಗು ದಿಕ್ಕಿಗೆ, ಬಿಸಿಲು ನೇರ ಒಳಗೆ ಬರುವುದು ಕಡಿಮೆ, ಬೆಳಕು ಇಡೀ ದಿನ ಒಂದೇ ಹದ.

ಮೇಜನ್ನು ಕಿಟಕಿಗೆ ಎದುರಾಗಿ ಇಡಬೇಡ. ಪರದೆಯ ಹಿಂದಿನಿಂದ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಕಿಟಕಿಗೆ ಬೆನ್ನು ಹಾಕಿ ಕೂತರೂ ಕಷ್ಟ, ಕಿಟಕಿಯೇ ಪರದೆಯಲ್ಲಿ ಕಾಣುತ್ತದೆ. ಮೀಟಿಂಗಿನಲ್ಲಿ ನಿನ್ನ ಮುಖ ಕಪ್ಪಾಗಿ ಕಾಣುವುದೂ ಆಗಲೇ. ಕಿಟಕಿ ನಿನ್ನ ಎಡಗಡೆಗೆ ಬರಲಿ. ಹೊಲಿಯುವವರು ಹೀಗೇ ಕೂರುವುದು, ಬಲಗೈಯ ನೆರಳು ಸೂಜಿಯ ಮೇಲೆ ಬೀಳದ ಹಾಗೆ. ನೀನು ನೋಟ್ಸ್ ಬರೆಯುವಾಗಲೂ ಇದೇ ಲೆಕ್ಕ.

ಒಂದು ತೊಂದರೆ ಇತ್ತು. ಆ ಕೋಣೆಯ ಮಾಡಿನಲ್ಲಿ ಒಂದು ಗಾಜಿನ ಹಂಚು ಇದೆ, ನೆನಪಿದೆಯಾ? ಹನ್ನೊಂದು ಗಂಟೆಯ ಹೊತ್ತಿಗೆ ಅದರಿಂದ ಒಂದು ಬಿಸಿಲ ತುಂಡು ಇಳಿದು, ಸರಿಯಾಗಿ ಮೇಜು ಇಡಬೇಕಾದ ಜಾಗಕ್ಕೇ ಬೀಳುತ್ತದೆ. ಅರ್ಧ ಗಂಟೆಗೊಮ್ಮೆ ಒಂದು ಗೇಣು ಸರಿಯುತ್ತದೆ. ಚಿಕ್ಕವಳಿದ್ದಾಗ ನೀನು ಅದನ್ನು ಹಿಡಿಯಲು ನೋಡುತ್ತಿದ್ದೆ. ಈಗ ಅದು ಲ್ಯಾಪ್‌ಟಾಪಿನ ಮೇಲೆ ಬಿದ್ದರೆ ಒಂದಕ್ಷರ ಕಾಣದು. ಮಳೆಗೆ ಮೊದಲು ಮಾಡಿನ ಹಂಚು ನೋಡಲು ಹೇಗೂ ಜನ ಬರುತ್ತಾರೆ. ಆ ಹಂಚನ್ನು ಬಾಗಿಲ ಕಡೆಗೆ ಬದಲಿಸಲು ಹೇಳಿದ್ದೇನೆ. ಬೆಳಕೂ ಇರುತ್ತದೆ, ಕಾಟವೂ ಇಲ್ಲ.

ಈಗ ಮೇಜಿನ ಮಾತಿಗೆ ಬರುತ್ತೇನೆ. ನೀನು ವಾಟ್ಸಾಪಿನಲ್ಲಿ ಕಳಿಸಿದ ಆ ಬಿಳಿ ಮೇಜು ಬೇಡವೇ ಬೇಡ. ಕೆಳಗೆ ಸಣ್ಣಕ್ಷರದಲ್ಲಿ ಪಾರ್ಟಿಕಲ್ ಬೋರ್ಡ್ ಅಂತ ಇತ್ತು. ಮರದ ಪುಡಿಗೆ ಅಂಟು ಹಾಕಿ ಒತ್ತಿದ್ದು ಅದು. ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಆಟಿ ತಿಂಗಳ ಜಡಿಮಳೆಯಲ್ಲಿ ಉಪ್ಪಿನ ಭರಣಿಯೂ ನೀರು ಬಿಡುತ್ತದೆ, ಆ ಮೇಜು ಅಂಚಿನಿಂದ ಉಬ್ಬದೆ ಇರುತ್ತದಾ? ಇನ್ನು ನನ್ನ ಹೊಲಿಗೆ ಮೆಷಿನಿನ ಸ್ಟ್ಯಾಂಡಿಗೆ ಹಲಗೆ ಹಾಕಿಸುವ ನಿನ್ನ ಇನ್ನೊಂದು ಯೋಚನೆ. ಫೋಟೋದಲ್ಲಿ ಚೆಂದ, ಒಪ್ಪಿದೆ. ಆದರೆ ತುಳಿಯುವ ಕಬ್ಬಿಣ ಇರುವಲ್ಲಿ ಕಾಲು ಚಾಚಲು ಜಾಗ ಎಲ್ಲಿ? ಮಂಡಿ ಮಡಚಿಕೊಂಡು ಎಂಟು ಗಂಟೆ ಕೂರಬೇಕು. ಅಲ್ಲದೆ ಮೆಷಿನನ್ನು ನಾನು ಕೊಡುವುದೂ ಇಲ್ಲ.

ಅಜ್ಜನ ಹಲಸಿನ ಮೇಜು ಇದೆಯಲ್ಲ, ಲೆಕ್ಕ ಬರೆಯುತ್ತಿದ್ದದ್ದು. ಮೂರಡಿ ಉದ್ದ, ಇಪ್ಪತ್ತು ಇಂಚು ಅಗಲ. ನಿನಗೆ ಅಷ್ಟು ಸಾಕು. ದೊಡ್ಡದು ಮಾಡಿದರೆ ಅದರ ಮೇಲೆ ಬೇಡದ್ದೆಲ್ಲ ಬಂದು ಕೂರುತ್ತದೆ. ಆದರೆ ಎತ್ತರ 30 ಇಂಚು. ಅಂಗಡಿಯ ಮೇಜುಗಳೂ ಸಾಮಾನ್ಯವಾಗಿ 29, 30 ಇಂಚೇ. ಅದು ಅಪ್ಪನಂಥ ಎತ್ತರದವರಿಗೆ. ನೀನು 5 ಅಡಿ 1 ಇಂಚು. ನಿನ್ನಷ್ಟು ಎತ್ತರದವರು ಪಾದ ಊರಿ ಕೂತರೆ ಮೊಣಕೈ ನೆಲದಿಂದ 24, 25 ಇಂಚಿಗೆ ಬರುತ್ತದೆ. ಮೇಜು ಅದಕ್ಕಿಂತ ಐದಿಂಚು ಮೇಲಿದ್ದರೆ ಇಡೀ ದಿನ ಭುಜ ಎತ್ತಿಕೊಂಡೇ ಟೈಪ್ ಮಾಡಬೇಕು. ಸಂಜೆಗೆ ಕುತ್ತಿಗೆ ಹಿಡಿದಿದೆ ಅಂತ ನೀನು ಫೋನಿನಲ್ಲಿ ಅಳುವುದಕ್ಕೆ ಕಾರಣ ಇದೇ. ಬಾಮ್ ಹಚ್ಚಿದರೆ ಹೋಗುವಂಥದ್ದಲ್ಲ.

ನಿನ್ನ ರವಿಕೆಯ ಅಳತೆ ಎಲ್ಲ ನನ್ನ ಪುಸ್ತಕದಲ್ಲಿದೆ. ಆದರೆ ಮೇಜಿಗೆ ಬೇಕಾದ ಅಳತೆ ಅದರಲ್ಲಿ ಇಲ್ಲ. ಹೀಗೆ ಮಾಡು. ಗಟ್ಟಿ ಕುರ್ಚಿಯಲ್ಲಿ ನೆಟ್ಟಗೆ ಕೂರು, ಹಾಸಿಗೆಯ ಮೇಲಲ್ಲ. ಪಾದ ಪೂರ್ತಿ ನೆಲಕ್ಕೆ ತಾಗಲಿ. ತೋಳು ಸಡಿಲ ಬಿಟ್ಟು ಮೊಣಕೈ ಮಡಚು. ಜೊತೆಯಲ್ಲಿರುವ ಹುಡುಗಿ ಟೇಪು ಹಿಡಿಯಲಿ. ಮೊಣಕೈಯಿಂದ ನೆಲಕ್ಕೆ ಎಷ್ಟು? ಮಂಡಿಯ ಹಿಂದಿನ ಮಡಿಕೆಯಿಂದ ನೆಲಕ್ಕೆ ಎಷ್ಟು? ತೊಡೆಯ ಮೇಲ್ಭಾಗದಿಂದ ನೆಲಕ್ಕೆ ಎಷ್ಟು? ಕಣ್ಣಿನಿಂದ ನೆಲಕ್ಕೆ ಎಷ್ಟು? ನಾಲ್ಕೇ ಅಳತೆ. ಬಟ್ಟೆಗೆ ಕತ್ತರಿ ಹಾಕಿದ ಹಾಗೇ ಇದೂ. ಮೇಜಿನ ಕಾಲು ಒಮ್ಮೆ ಕತ್ತರಿಸಿದರೆ ಮತ್ತೆ ಜೋಡಿಸಲಿಕ್ಕಿಲ್ಲ.

ನನ್ನ ಅಂದಾಜಿನಲ್ಲಿ ಮೂರಿಂಚು ತೆಗೆಸಿ 27 ಮಾಡಿದರೆ ಸರಿ. ಪೂರ್ತಿ 25ಕ್ಕೆ ಇಳಿಸಿದರೆ ತೊಡೆ ಹಿಡಿಯಲು ಜಾಗ ಸಾಲದು, ನಾಳೆ ಬೇರೆ ಯಾರಿಗೂ ಆಗಲಿಕ್ಕಿಲ್ಲ. ಉಳಿದದ್ದನ್ನು ಕುರ್ಚಿಯಲ್ಲಿ ಸರಿ ಮಾಡುವುದು. ಕುರ್ಚಿ ಎರಡಿಂಚು ಏರಿಸು, ಕಾಲಡಿಗೆ ಒಂದು ಮಣೆ ಇಟ್ಟುಕೋ. ಮೇಜಿನ ಡ್ರಾವರನ್ನೂ ತೆಗೆಸುತ್ತೇನೆ. ಅದು ನೇರ ತೊಡೆಗೆ ತಾಗುತ್ತದೆ. ಅಪ್ಪನಿಗೆ ಇದು ಇಷ್ಟ ಇಲ್ಲ, ಅಜ್ಜ ದುಡ್ಡಿಡುತ್ತಿದ್ದ ಡ್ರಾವರ್ ಅಂತ. ಈಗ ಅದರಲ್ಲಿ ಇರುವುದು ಹಳೆ ರೇಷನ್ ಕಾರ್ಡು ಮತ್ತು ಕೀಲಿ ಇಲ್ಲದ ಒಂದು ಬೀಗ.

ಕತ್ತರಿಸಿದ ಕಾಲಿನ ತುದಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯಬೇಕು. ಇಲ್ಲದಿದ್ದರೆ ಗೆದ್ದಲು ಕೆಳಗಿನಿಂದಲೇ ಹತ್ತುತ್ತದೆ. ಆ ಎಣ್ಣೆ ಚರ್ಮಕ್ಕೆ ತಾಗಿದರೆ ಸುಡುತ್ತದೆ, ವಾಸನೆಯೂ ಕೆಲವು ದಿನ ಇರುತ್ತದೆ. ಅದಕ್ಕೇ ನೀನು ಬರುವ ಮೊದಲೇ ಮುಗಿಸುವ ಅವಸರ ನನಗೆ.

ಕುರ್ಚಿ ಮಾತ್ರ ಹೊಸತು ತೆಗೆದುಕೋ. ಇದರಲ್ಲಿ ಜಿಪುಣತನ ಬೇಡ. ಚಾವಡಿಯ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ವಾಲಿರುತ್ತದೆ, ಅದು ಯಕ್ಷಗಾನ ನೋಡಲು ಸರಿ, ಕೆಲಸಕ್ಕಲ್ಲ. ಎತ್ತರ ಏರಿಸಿ ಇಳಿಸಲು ಬರುವಂಥದ್ದು, ಸೊಂಟಕ್ಕೆ ಆನಿಸಲು ಉಬ್ಬು ಇರುವಂಥದ್ದು ನೋಡು. ಬೆನ್ನಿಗೆ ಬಲೆ ಇರಲಿ. ರೆಕ್ಸಿನ್ ಬೇಡ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಬೇಸಗೆಯಲ್ಲಿ ಬೆನ್ನಿಗೆ ಅಂಟುತ್ತದೆ. ಫೋಟೋ ನೋಡಿ ತರಿಸಬೇಡ. ಬರುವ ದಾರಿಯಲ್ಲಿ ಪುತ್ತೂರಿನಲ್ಲಿ ಇಳಿದು ಕೂತು ನೋಡು. ಹಿಂದಕ್ಕೆ ಸರಿದು ಪೂರ್ತಿ ಒರಗಿದಾಗ ಸೀಟಿನ ಅಂಚಿಗೂ ಮಂಡಿಯ ಹಿಂಬದಿಗೂ ನಡುವೆ ಎರಡು ಮೂರು ಬೆರಳು ಹಿಡಿಯಬೇಕು. ಹಿಡಿಯದಿದ್ದರೆ ಆ ಸೀಟು ನಿನಗೆ ಆಳ ಜಾಸ್ತಿ, ಕಾಲು ಜೋಮು ಹಿಡಿಯುತ್ತದೆ.

ಲ್ಯಾಪ್‌ಟಾಪನ್ನು ಹಾಗೇ ಮೇಜಿನ ಮೇಲಿಟ್ಟರೆ ತಲೆ ಬಗ್ಗಿಸಬೇಕು. ಅದನ್ನು ಎತ್ತರಿಸಿದರೆ ಕೈ ಎತ್ತಬೇಕು. ಎರಡೂ ಸರಿಯಾಗಬೇಕಾದರೆ ಕೀಬೋರ್ಡು ಮೌಸು ಬೇರೆ ಬೇಕು. ಅದಕ್ಕೆ ಖರ್ಚು ಮಾಡು, ಸ್ಟ್ಯಾಂಡಿಗೆ ಮಾಡಬೇಡ. ಮನೆಯಲ್ಲಿ ಊಟದ ಮಣೆಗಳು ಎಷ್ಟು ಬೇಕಾದರೂ ಇವೆ. ಒಂದರ ಮೇಲೊಂದು ಇಟ್ಟು, ಪರದೆಯ ಮೇಲಂಚು ಕಣ್ಣಿನ ನೇರಕ್ಕೆ ಬರುವ ಹಾಗೆ ಮಾಡು. ದೂರ ಒಂದು ತೋಳಿನಷ್ಟು. ಕಣ್ಣಿನ ಡಾಕ್ಟರರು ಹೇಳುವ ಲೆಕ್ಕ ಒಂದಿದೆ: 20 ನಿಮಿಷಕ್ಕೊಮ್ಮೆ, 20 ಅಡಿ ಆಚೆಗೆ, 20 ಸೆಕೆಂಡು ನೋಡಬೇಕು. ಕಿಟಕಿಯಿಂದ ಹಟ್ಟಿಯ ಆಚೆಗಿನ ಹೆಬ್ಬಲಸು ಕಾಣುತ್ತದೆ. ಅದು 20 ಅಡಿಗಿಂತ ಎಷ್ಟೋ ದೂರ.

ಇಂಟರ್‌ನೆಟ್ಟಿಗೆ ಕೇಬಲ್ ಟಿವಿಯ ಹುಡುಗನಿಗೆ ಹೇಳಿ ಫೈಬರ್ ಎಳೆಸಿದ್ದೇವೆ. ಅರ್ಜಿ ಮಲಯಾಳದಲ್ಲಿತ್ತು, ಪಕ್ಕದ ಮನೆಯ ಹುಡುಗಿ ತುಂಬಿಸಿ ಕೊಟ್ಟಳು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಡೆದು ಬಂದ ಕತೆ, ಬಿಡು. ಕೇಬಲಿನ ಹುಡುಗ ರೂಟರನ್ನು ಚಾವಡಿಯಲ್ಲಿ ಹಾಕಲು ಹೊರಟಿದ್ದ. ನಾನು ಬಡಗು ಕೋಣೆಯಲ್ಲೇ ಹಾಕಿಸಿದೆ. ನಮ್ಮ ಮುರಕಲ್ಲಿನ ದಪ್ಪ ಗೋಡೆ ದಾಟಿ ವೈಫೈ ಬರುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ. ಅಪ್ಪನ ಕ್ರಿಕೆಟ್ಟು ಸ್ವಲ್ಪ ನಿಂತು ನಿಂತು ಬರಲಿ, ಪರವಾಗಿಲ್ಲ.

ಮರ ಬಿದ್ದರೆ ಕರೆಂಟು, ಫೈಬರ್ ಎರಡೂ ಒಟ್ಟಿಗೇ ಹೋಗುತ್ತವೆ, ಎರಡೂ ಒಂದೇ ಕಂಬದ ಮೇಲೆ ಇರುವುದು. 2023ರಲ್ಲಿ ಉದ್ಘಾಟನೆಯಾದ ಕೇರಳ ಸರಕಾರದ ಕೆ-ಫೋನ್ ಇಂಟರ್‌ನೆಟ್ಟಿನ ಕೇಬಲೂ ಹೋಗುವುದು ಕೆಎಸ್‌ಇಬಿಯ ಕರೆಂಟು ಕಂಬಗಳ ಮೇಲೆಯೇ. ಹಾಗಾಗಿ ಫೋನಿನ ಹಾಟ್‌ಸ್ಪಾಟ್ ತಯಾರಿರಲಿ. ಸಿಗ್ನಲ್ ಕಿಟಕಿಯ ಹತ್ತಿರ ಚೆನ್ನಾಗಿದೆ, ಬಾಗಿಲ ಹತ್ತಿರ ಇಲ್ಲ. ಮನೆಯ ಇನ್ವರ್ಟರಿನ ಬ್ಯಾಟರಿ 12 ವೋಲ್ಟ್, 150 ಆಂಪಿಯರ್ ಅವರ್ಸ್. ಕಾಗದದ ಲೆಕ್ಕದಲ್ಲಿ 1800 ವಾಟ್ ಅವರ್, ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ನಿನ್ನ ಲ್ಯಾಪ್‌ಟಾಪು, ರೂಟರು, ಒಂದು ಬಲ್ಬು, ಕಡಿಮೆ ಕರೆಂಟಿನ ಫ್ಯಾನು ಸೇರಿ ನೂರು ವಾಟಿನ ಆಸುಪಾಸು. ಮನೆಯ ಉಳಿದ ಫ್ಯಾನುಗಳನ್ನು ಆರಿಸಿದರೆ ನಿನ್ನ ಒಂದು ದಿನದ ಕೆಲಸ ನಡೆಯುತ್ತದೆ. ಮಿಕ್ಸಿ ಮಾತ್ರ ಇನ್ವರ್ಟರಿನಲ್ಲಿ ಬೇಡ ಅಂತ ಅಪ್ಪ ಹೇಳಿದ್ದಾರೆ. ಆ ದಿನ ಚಟ್ನಿ ಕಲ್ಲಿನಲ್ಲಿ.

ಸಿಡಿಲಿನ ವಿಷಯ ತಮಾಷೆ ಅಲ್ಲ. ಮಳೆ ಶುರುವಾಗುವ ಮೊದಲು, ಮತ್ತೆ ಅಕ್ಟೋಬರ್ ನವೆಂಬರಿನ ಸಂಜೆಗಳಲ್ಲಿ, ಇಲ್ಲಿ ಹೇಗೆ ಹೊಡೆಯುತ್ತದೆ ಅಂತ ಬೆಂಗಳೂರಿನಲ್ಲಿದ್ದು ನಿನಗೆ ಮರೆತಿರಬಹುದು. ಗುಡುಗು ಕೇಳಿದ ಕೂಡಲೇ ಚಾರ್ಜರ್, ರೂಟರ್ ಎರಡರ ಪ್ಲಗ್ಗನ್ನೂ ಕಿತ್ತು ತೆಗೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಆ ಸಣ್ಣ ಅಂತರವನ್ನು ಸಿಡಿಲು ಹಾರಿ ದಾಟುತ್ತದೆ. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಆದರೆ ಕೇಬಲನ್ನು ಬಿಗಿಯಲು ಅದರ ಪಕ್ಕದಲ್ಲೇ ಉಕ್ಕಿನ ತಂತಿ ಇರುವುದುಂಟು. ಹೊರಗೆ ಮಿಂಚುವಾಗ ಆಫೀಸಿನವರಿಗೆ ಹೇಳಿ ಎದ್ದು ಬಾ. ಅರ್ತಿಂಗ್ ಹೊಸತಾಗಿ ಮಾಡಿಸಿದ್ದೇವೆ. ಬೇಸಗೆಯಲ್ಲಿ ಮುರಕಲ್ಲಿನ ನೆಲ ಒಣಗಿ ಅರ್ತ್ ಸರಿಯಾಗಿ ಸಿಗುವುದಿಲ್ಲವಂತೆ. ಅರ್ತಿಂಗಿನ ಗುಂಡಿಗೆ ದಿನಾ ಒಂದು ಕೊಡಪಾನ ನೀರು ಹೊಯ್ಯುವುದು ಈಗ ಅಪ್ಪನ ಕೆಲಸ.

ಗಲಾಟೆಯ ಬಗ್ಗೆ ನಾನು ಜಾಸ್ತಿ ಮಾತು ಕೊಡಲಾರೆ. ಹಂಚಿನ ಮೇಲೆ ಮಳೆ ಸುರಿದರೆ ನಾವೇ ಒಬ್ಬರಿಗೊಬ್ಬರು ಕಿರುಚಿ ಮಾತಾಡುತ್ತೇವೆ. ಮೈಕು ಬಾಯಿಯ ಹತ್ತಿರ ಬರುವ ಹೆಡ್‌ಸೆಟ್ ತೆಗೆದುಕೊಂಡು ಬಾ. ಹುಲ್ಲು ಕತ್ತರಿಸುವ ಮೆಷಿನನ್ನು ನಿನ್ನ ಮೀಟಿಂಗಿನ ಹೊತ್ತಿಗೆ ಶುರು ಮಾಡದ ಹಾಗೆ ನಾನು ನೋಡಿಕೊಳ್ಳುತ್ತೇನೆ. ಬಾಗಿಲು ಹಾಕಿದ್ದರೆ ಯಾರೂ ತಟ್ಟಬಾರದು ಅಂತ ಅಪ್ಪನಿಗೂ ಹೇಳಿ ಆಗಿದೆ, ಅತ್ತೆಗೂ ಹೇಳಿ ಆಗಿದೆ. "ಕೆಲಸ ಬಿಟ್ಟು ಬಂದಳಾ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಅವರಿಗೆ ಉತ್ತರ ಕೊಡಲು ನಾನಿದ್ದೇನೆ, ನೀನು ಎದ್ದು ಬರುವುದು ಬೇಡ. ಆದರೆ ಊಟಕ್ಕೆ ಒಂದು ಗಂಟೆಗೆ ಬಾಗಿಲು ತೆರೆಯಬೇಕು. ತಟ್ಟೆಯನ್ನು ಕಂಪ್ಯೂಟರಿನ ಮುಂದೆ ತಂದಿಡುವವಳು ನಾನಲ್ಲ.

ಆಚಾರಿ ಮುಂದಿನ ಬುಧವಾರ ಬರುತ್ತಾರೆ. ಅಷ್ಟರೊಳಗೆ ಆ ನಾಲ್ಕು ಅಳತೆ ಕಳಿಸು. ಕಳಿಸದಿದ್ದರೆ ನನ್ನ ಅಂದಾಜಿನ ಮೇಲೆಯೇ ಗರಗಸ ಹಾಕಿಸುತ್ತೇನೆ, ಆಮೇಲೆ ನನ್ನನ್ನು ಬೈಯಬೇಡ.

ಹಪ್ಪಳ ಡಬ್ಬಿಗೆ ಹಾಕುವ ಮೊದಲು ಒಮ್ಮೆ ಬಿಸಿಲಿಗೆ ಇಡು.

ಇತಿ,
ನಿನ್ನ ಅಮ್ಮ

ಮತ್ತೆ: ಕಿಟಕಿಗೆ ಪರದೆ ಹೊಲಿಯಲು ಎರಡು ತುಂಡು ಬಟ್ಟೆ ಉಳಿದಿದೆ. ಒಂದು ತಿಳಿ ಹಸಿರು, ಇನ್ನೊಂದು ಹಳದಿಗೆ ಚುಕ್ಕಿ ಇರುವುದು. ಚುಕ್ಕಿಯದ್ದು ಮೀಟಿಂಗಿನಲ್ಲಿ ಕಾಣುತ್ತದಾ, ನೋಡಿ ಹೇಳು.