ಯಾರೂ ಮಾರಲಾಗದ ಅಂಗಡಿ

ಪ್ರೀತಿಯ ಗೆಳೆಯಾ,

ದುಬೈನಲ್ಲಿರುವ ನಿನ್ನ ತಮ್ಮ ಕಳಿಸಿದ ಫೋಟೊ ನನಗೂ ಬಂತು. ಹಸಿರು ಬೋರ್ಡು, ಫಳಫಳ ಹೊಳೆಯುವ ಹಣ್ಣಿನ ರಾಶಿ, ವೇಟ್‌ರೋಸ್ ಅಂತ ಹೆಸರು. ಅದರ ಕೆಳಗೆ ನಿನ್ನ ಪ್ರಶ್ನೆ: "ಇದನ್ನ ಕೆಲಸದವರೇ ನಡೆಸೋದಂತೆ, ನಿಜವಾಗ್ಲೂ ಅವರದ್ದೇನಾ, ಇಲ್ಲ ಸುಮ್ನೆ ಹೇಳ್ಕೊಳ್ಳೋದಾ?" ನಿನ್ನ ಅಂಗಡಿಯ ಎಂಟು ಹುಡುಗರಿಗೆ ಲಾಭದಲ್ಲಿ ಪಾಲು ಕೊಡುವ ಯೋಚನೆ ನಿನ್ನ ತಲೆಯೊಳಗೆ ಕೊರೆಯುತ್ತಿದೆ ಅಂತ ಗೊತ್ತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ದುಬೈದು ಮುಗಿಸಿಬಿಡುತ್ತೇನೆ. ಅಲ್ಲಿರುವುದು ಹೆಸರು ಮಾತ್ರ. 2008ರಿಂದ ಸ್ಪಿನ್ನೀಸ್ ಅನ್ನುವ ಅಲ್ಲಿನ ಅಂಗಡಿ ಕಂಪನಿಯವರು ಲೈಸೆನ್ಸ್ ಪಡೆದು ನಡೆಸುತ್ತಿದ್ದಾರೆ. ಅಲ್ಲಿ ಬಿಲ್ ಹಾಕುವ ಹುಡುಗ ಯಾವುದಕ್ಕೂ ಮಾಲೀಕನಲ್ಲ. ನೀನು ಕೇಳಿದ ಕಥೆ ಇರುವುದು ಇಲ್ಲಿ, ಇಂಗ್ಲೆಂಡಿನಲ್ಲಿ.

ನಾವೇನೂ ಅಲ್ಲಿಯ ಖಾಯಂ ಗಿರಾಕಿಗಳಲ್ಲ ಬಿಡು. ಅಕ್ಕಿ, ಬೇಳೆ, ಕರಿಬೇವು ಎಲ್ಲ ಗುಜರಾತಿಯವರ ಅಂಗಡಿಯಿಂದ ಬರುತ್ತದೆ. ವೇಟ್‌ರೋಸ್‌ಗೆ ಹೋಗುವುದು ಮನೆಗೆ ಯಾರಾದರೂ ಊಟಕ್ಕೆ ಬಂದಾಗ, ಇಲ್ಲವೇ ಸಂಜೆ ಹಳದಿ ಚೀಟಿ ಅಂಟಿಸಿ ಬೆಲೆ ಇಳಿಸುವ ಹೊತ್ತಿಗೆ. ಇಲ್ಲಿ ಅದಕ್ಕೆ ಉಳ್ಳವರ ಅಂಗಡಿ ಅಂತಲೇ ಹೆಸರು. ಒಂದು ಬಡಾವಣೆಗೆ ವೇಟ್‌ರೋಸ್ ಬಂದರೆ ಅಲ್ಲಿನ ಮನೆಗಳ ಬೆಲೆಯೂ ಏರುತ್ತದೆ ಅಂತ ಜನ ಆಡಿಕೊಳ್ಳುತ್ತಾರೆ. 2009ರಲ್ಲಿ ಕೈಗೆಟುಕುವ ಬೆಲೆಗೆ ಅಂತ 'ಎಸೆನ್ಷಿಯಲ್' ಹೆಸರಿನ ಸಾಮಾನು ತಂದರು. ಅಂದರೆ ಇದಿಲ್ಲದೆ ಬದುಕು ನಡೆಯದು ಅಂತ ಅರ್ಥ. ಅದರಲ್ಲಿ ಆರ್ಟಿಚೋಕ್ ಅನ್ನುವ ಉಳ್ಳವರ ತರಕಾರಿ ಕೂಡ ಇತ್ತು! ಆ ಜೋಕು ಇನ್ನೂ ಹಳತಾಗಿಲ್ಲ.

ಶುರುವಾಗಿದ್ದು ಮಾತ್ರ ನಿನ್ನ ಅಂಗಡಿಯಷ್ಟೇ ಸಣ್ಣದಾಗಿ. 1904ರಲ್ಲಿ ಪಶ್ಚಿಮ ಲಂಡನ್ನಿನ ಆಕ್ಟನ್‌ನಲ್ಲಿ ವಾಲೇಸ್ ವೇಟ್, ಆರ್ಥರ್ ರೋಸ್, ಡೇವಿಡ್ ಟೇಲರ್ ಅಂತ ಮೂವರು ಸೇರಿ ತೆರೆದ ದಿನಸಿ ಅಂಗಡಿ ಅದು. ಎರಡು ವರ್ಷಕ್ಕೆ ಟೇಲರ್ ಬಿಟ್ಟುಹೋದ. ಉಳಿದ ಇಬ್ಬರ ಹೆಸರು ಸೇರಿ 1908ರಲ್ಲಿ ವೇಟ್‌ರೋಸ್ ಆಯಿತು. 1937ರಲ್ಲಿ ನೌಕರರೇ ಮಾಲೀಕರಾಗಿದ್ದ ಜಾನ್ ಲೂಯಿಸ್ ಪಾರ್ಟ್‌ನರ್‌ಶಿಪ್ ಅನ್ನುವ ಕಂಪನಿ ಅದನ್ನು ಕೊಂಡಿತು. ಆಗ ಇದ್ದದ್ದು 10 ಅಂಗಡಿ, 164 ನೌಕರರು. ಈಗ 300ಕ್ಕೂ ಜಾಸ್ತಿ ಅಂಗಡಿಗಳಿವೆ.

ಕೆಲಸದವರು ಮಾಲೀಕರಾದ ಕಥೆ ದಿನಸಿಯದ್ದಲ್ಲ, ಬಟ್ಟೆ ಅಂಗಡಿಯದ್ದು. ಜಾನ್ ಲೂಯಿಸ್ ಅನ್ನುವವನು 1864ರಲ್ಲಿ ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಜವಳಿ ಅಂಗಡಿ ಇಟ್ಟ. ಭಾರೀ ಹಠಮಾರಿ. ಜಾಗದ ಒಡೆಯನ ಜೊತೆ ವ್ಯಾಜ್ಯ ಹೂಡಿ, ಕೋರ್ಟಿನ ಮಾತೂ ಕೇಳದೆ, 1903ರಲ್ಲಿ ಮೂರು ವಾರ ಜೈಲಿನಲ್ಲಿ ಕೂತು ಬಂದ. ಅವನ ಮಗ ಸ್ಪೀಡನ್ ಲೂಯಿಸ್. ಅಂಗಡಿಗೆ ಸೇರಿದ ಹುಡುಗ ಒಂದು ದಿನ ಲೆಕ್ಕದ ಪುಸ್ತಕ ನೋಡಿದ. ಅಪ್ಪ, ತಾನು, ತಮ್ಮ, ಮೂರೇ ಜನ ತೆಗೆದುಕೊಳ್ಳುತ್ತಿದ್ದ ದುಡ್ಡು ಅಂಗಡಿಯ ಅಷ್ಟೂ ನೌಕರರ ಒಟ್ಟು ಸಂಬಳಕ್ಕಿಂತ ಜಾಸ್ತಿ ಇತ್ತು. ಅದು ಅವನ ಗಂಟಲಲ್ಲಿ ಇಳಿಯಲಿಲ್ಲ.

1909ರಲ್ಲಿ ಕುದುರೆಯಿಂದ ಬಿದ್ದು ತುಂಬಾ ದಿನ ಹಾಸಿಗೆ ಹಿಡಿದ. ಆಗ ಮಲಗಿಕೊಂಡೇ ಯೋಚನೆ ಮಾಡಿದನಂತೆ. 1914ರಲ್ಲಿ ಅಪ್ಪ ಅವನ ಕೈಗೆ ಪೀಟರ್ ಜೋನ್ಸ್ ಅನ್ನುವ, ಸರಿಯಾಗಿ ನಡೆಯದ ಇನ್ನೊಂದು ಅಂಗಡಿ ಕೊಟ್ಟ. ಷರತ್ತು ಏನು ಗೊತ್ತಾ? ಸಂಜೆ 5ರವರೆಗೆ ಅಪ್ಪನ ಅಂಗಡಿಯಲ್ಲಿ ದುಡಿಯಬೇಕು, ಆಮೇಲೆ ಬೇಕಾದರೆ ನಿನ್ನ ಅಂಗಡಿ ನೋಡ್ಕೋ ಅಂತ. ಎಲ್ಲ ಅಪ್ಪಂದಿರೂ ಒಂದೇ ಅಲ್ವಾ? ಅಲ್ಲಿ ಸ್ಪೀಡನ್ ರಜೆ ಹೆಚ್ಚಿಸಿದ, ನೌಕರರ ಸಮಿತಿ ಮಾಡಿದ, 1920ರಲ್ಲಿ ಲಾಭ ಹಂಚಲು ಶುರು ಮಾಡಿದ. 1928ರಲ್ಲಿ ಅಪ್ಪ ತೀರಿಕೊಂಡ ಮೇಲೆ, 1929ರಲ್ಲಿ ಇಡೀ ವ್ಯಾಪಾರವನ್ನೇ ನೌಕರರ ಹೆಸರಿನ ಟ್ರಸ್ಟ್‌ಗೆ ಬರೆದ. 1950ರಲ್ಲಿ ಎರಡನೇ ಪತ್ರ ಬರೆದು ತನ್ನ ಹಿಡಿತವನ್ನೂ ಬಿಟ್ಟುಕೊಟ್ಟ.

ನೀನು ಸರಿಯಾಗಿ ಗಮನಿಸಬೇಕಾದದ್ದು ಈ ಟ್ರಸ್ಟನ್ನು. ನೌಕರರಿಗೆ ಅವನು ಷೇರು ಹಂಚಲಿಲ್ಲ. ಹಂಚಿದ್ದರೆ ಯಾವನೋ ಒಬ್ಬ ಒಳ್ಳೆ ಬೆಲೆ ಕೊಡುತ್ತೇನೆ ಅಂದ ದಿನ ಎಲ್ಲರೂ ಮಾರಿಬಿಡುತ್ತಿದ್ದರು. ಇದು ನಮ್ಮೂರ ದೇವಸ್ಥಾನದ ಜಮೀನಿನ ಹಾಗೆ. ಬೆಳೆದದ್ದನ್ನು ಉಣ್ಣಬಹುದು, ಗದ್ದೆ ಮಾರುವ ಹಾಗಿಲ್ಲ. ಕೆಲಸ ಬಿಟ್ಟು ಹೋಗುವಾಗ ಪಾಲು ಕಿತ್ತುಕೊಂಡು ಹೋಗುವ ಹಾಗೂ ಇಲ್ಲ. ಸೇರಿದ ದಿನವೇ 'ಪಾರ್ಟ್‌ನರ್', ಬಿಟ್ಟ ದಿನ ಅದೂ ಮುಗೀತು. ಇಂಥ ಪಾರ್ಟ್‌ನರ್‌ಗಳು ಈಗ 70 ಸಾವಿರದ ಆಸುಪಾಸಿನಲ್ಲಿದ್ದಾರೆ.

ಬೆಂಗಳೂರಿಗೆ ಹೋದಾಗಲೆಲ್ಲ ನಾವು ಇಂಡಿಯಾ ಕಾಫಿ ಹೌಸ್‌ನಲ್ಲಿ ಕೂರುತ್ತಿದ್ದೆವಲ್ಲ, ಅದೂ ಕೆಲಸಗಾರರದ್ದೇ. ಆದರೆ ಹುಟ್ಟಿದ್ದು ಬೇರೆ ಥರ. ಕಾಫಿ ಬೋರ್ಡ್ ತನ್ನ ಹೋಟೆಲುಗಳನ್ನು ಮುಚ್ಚಿದಾಗ ಕೆಲಸ ಕಳೆದುಕೊಂಡವರು 1957ರಲ್ಲಿ ತಾವೇ ಸಹಕಾರ ಸಂಘ ಕಟ್ಟಿಕೊಂಡರು. ಮೊದಲ ಸಂಘ ಬೆಂಗಳೂರಿನಲ್ಲೇ. ಅಲ್ಲಿ ಕೆಳಗಿದ್ದವರು ಹಿಡಿದುಕೊಂಡರು, ಇಲ್ಲಿ ಮೇಲಿದ್ದವನು ಬಿಟ್ಟುಕೊಟ್ಟ. ನೀನು ಕೊಡುವ ಕಡೆಯವನು. ಅದಕ್ಕೇ ಸ್ಪೀಡನ್‌ನ ಕಥೆ ನಿನಗೆ ಜಾಸ್ತಿ ಬೇಕು.

ಬೋನಸ್ ವಿಷಯ ಚೆನ್ನಾಗಿದೆ. ವರ್ಷಕ್ಕೊಮ್ಮೆ, ಮಾರ್ಚ್‌ನಲ್ಲಿ, ಶೇಕಡಾ ಇಷ್ಟು ಅಂತ ಒಂದೇ ಸಂಖ್ಯೆ ಹೇಳುತ್ತಾರೆ. ಅಧ್ಯಕ್ಷರಿಗೂ ಅಷ್ಟೇ, ಟ್ರಾಲಿ ತಳ್ಳುವವನಿಗೂ ಅಷ್ಟೇ. ಅವರವರ ಸಂಬಳದ ಮೇಲೆ ಲೆಕ್ಕ. ಮೇಲಿನವರ ಸಂಬಳಕ್ಕೂ ಒಂದು ಗೆರೆ ಇದೆ, ಸಾಮಾನ್ಯ ನೌಕರರ ಸರಾಸರಿಯ 75 ಪಟ್ಟು ದಾಟಬಾರದು. ನನಗೇನೋ 75 ಪಟ್ಟೇ ದೊಡ್ಡದು ಅನಿಸುತ್ತದೆ, ಆದರೆ ಇಲ್ಲಿನ ದೊಡ್ಡ ಕಂಪನಿಗಳನ್ನು ನೋಡಿದವರು ಅದನ್ನೇ ಸಂಯಮ ಅನ್ನುತ್ತಾರೆ. 25 ವರ್ಷ ದುಡಿದವರಿಗೆ ಆರು ತಿಂಗಳು ಸಂಬಳದ ರಜೆ. ಪೂಲ್ ಬಂದರಿನ ಒಳಗಿರುವ ಬ್ರೌನ್‌ಸೀ ದ್ವೀಪದ ಕೋಟೆಯಲ್ಲಿ ಪಾರ್ಟ್‌ನರ್‌ಗಳು ಕಡಿಮೆ ಖರ್ಚಿನಲ್ಲಿ ರಜೆ ಕಳೆಯಬಹುದು. ಹ್ಯಾಂಪ್‌ಶೈರಿನ ಲೆಕ್‌ಫರ್ಡ್‌ನಲ್ಲಿ ಸ್ಪೀಡನ್ ಕೊಂಡ ಸುಮಾರು 4000 ಎಕರೆ ಹೊಲ ಈಗ ವೇಟ್‌ರೋಸ್‌ನದ್ದು. ಅಲ್ಲಿ ಬೆಳೆದದ್ದು ಅಂಗಡಿಗೇ ಬರುತ್ತದೆ.

ನನಗೆ ತುಂಬಾ ಹಿಡಿಸಿದ್ದು ಅವರ ಗೆಜೆಟ್ ಪತ್ರಿಕೆ. 1918ರಲ್ಲಿ ಶುರುವಾದದ್ದು. ಯಾವ ನೌಕರನಾದರೂ ಹೆಸರು ಹಾಕದೆ ಮ್ಯಾನೇಜರ್‌ಗಳನ್ನು ತರಾಟೆಗೆ ತೆಗೆದುಕೊಂಡು ಪತ್ರ ಬರೆಯಬಹುದು. ಅದು ಅಚ್ಚಾಗುತ್ತದೆ, ಕೆಳಗೆ ಸಂಬಂಧಪಟ್ಟವರು ಉತ್ತರ ಕೊಡಬೇಕು. ನಮ್ಮ ಆಫೀಸಿನಲ್ಲಿ ಹೀಗೊಂದು ಇದ್ದಿದ್ದರೆ ವಾರಕ್ಕೆರಡು ಪುರವಣಿ ಬೇಕಾಗುತ್ತಿತ್ತು!

ಈಗ ಕಹಿ ಭಾಗ. 2008ರಲ್ಲಿ ಬೋನಸ್ ಶೇ. 20 ಇತ್ತು. ಅಂದರೆ ಎರಡು ತಿಂಗಳಿಗೂ ಮಿಕ್ಕಿದ ಸಂಬಳ. 2013ರಲ್ಲಿ 17. ಆಮೇಲೆ ಅಗ್ಗದ ಅಂಗಡಿಗಳು ಬಂದವು, ಜನ ಬಟ್ಟೆಬರೆಯನ್ನು ಮೊಬೈಲಿನಲ್ಲೇ ಕೊಳ್ಳಲು ಕಲಿತರು, ಬೋನಸ್ ಪ್ರತಿ ವರ್ಷ ಇಳಿಯುತ್ತಾ 2020ರಲ್ಲಿ 2ಕ್ಕೆ ಬಂತು. 2021ರಲ್ಲಿ ಸೊನ್ನೆ. 1953ರಿಂದೀಚೆಗೆ ಸೊನ್ನೆ ಅನ್ನುವುದೇ ಇರಲಿಲ್ಲ. 2022ರಲ್ಲಿ 3 ಕೊಟ್ಟರು. 2023, 2024, 2025, ಮೂರು ವರ್ಷವೂ ಇಲ್ಲ. ಜಾನ್ ಲೂಯಿಸ್‌ನ ಹಲವು ಅಂಗಡಿಗಳೂ ಮುಚ್ಚಿದವು. ಮಾಲೀಕನಾದವನಿಗೂ ಕೆಲಸ ಹೋಗುತ್ತದೆ ಅಂತ ಅವತ್ತು ನನಗೆ ಹೊಳೆಯಿತು.

2023ರಲ್ಲಿ ಹೊರಗಿನವರಿಗೆ ಸ್ವಲ್ಪ ಪಾಲು ಕೊಟ್ಟು ಬಂಡವಾಳ ತರುವ ಯೋಚನೆ ನಡೆದಿದೆ ಅಂತ ಸುದ್ದಿ ಬಂತು. ದೊಡ್ಡ ಗಲಾಟೆಯಾಯಿತು. ಪಾರ್ಟ್‌ನರ್‌ಗಳ ಕೌನ್ಸಿಲ್ ಅಂತ ಒಂದಿದೆ, ಅದಕ್ಕೆ ಅಧ್ಯಕ್ಷರನ್ನು ಇಳಿಸುವ ಅಧಿಕಾರವೂ ಇದೆ. ಆ ಮೇ ತಿಂಗಳಲ್ಲಿ ಅದು ಅಧ್ಯಕ್ಷೆ ಶಾರನ್ ವೈಟ್ ಅವರ ಹಿಂದಿನ ವರ್ಷದ ಕೆಲಸ ಒಪ್ಪಲಿಲ್ಲ, ಆದರೆ ಮುಂದಿನ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಬೈದು ಊಟಕ್ಕೆ ಬಡಿಸಿದ ಹಾಗೆ. ಪಾಲು ಮಾರುವ ಮಾತು ಆಮೇಲೆ ತಣ್ಣಗಾಯಿತು. 2024ರಲ್ಲಿ ಟೆಸ್ಕೋ ಅನ್ನುವ ಇನ್ನೊಂದು ದೊಡ್ಡ ದಿನಸಿ ಕಂಪನಿಯಲ್ಲಿ ವರ್ಷಗಟ್ಟಲೆ ಪಳಗಿದ ಜೇಸನ್ ಟ್ಯಾರಿ ಅಧ್ಯಕ್ಷರಾಗಿ ಬಂದರು.

ಹಾಗಾದರೆ ನಿಜವಾಗ್ಲೂ ಅವರದ್ದೇನಾ? ನನ್ನ ಕೇಳಿದರೆ, ಮನೆ ನಮ್ಮದು ಅನ್ನುವ ಅರ್ಥದಲ್ಲಿ ಅಲ್ಲ. ಬೇರೆ ಯಾರದ್ದೂ ಅಲ್ಲ ಅನ್ನುವುದಂತೂ ನಿಜ.

ನಿನ್ನ ಎಂಟು ಜನಕ್ಕೆ ಟ್ರಸ್ಟು ಗಿಸ್ಟು ಎಲ್ಲ ಜಾಸ್ತಿಯಾಯಿತು. ಆದರೆ ಎರಡು ಸಂಗತಿ ಮೊದಲೇ ಹಾಳೆಯ ಮೇಲೆ ಬರೆದಿಡು. ಹುಡುಗ ಬಿಟ್ಟುಹೋದರೆ ಅವನ ಪಾಲು ಏನಾಗುತ್ತದೆ, ಲಾಭವೇ ಇಲ್ಲದ ದೀಪಾವಳಿಗೆ ಅವರಿಗೆ ಏನು ಹೇಳುತ್ತೀಯ. ಇನ್ನೊಂದು, ನಿನ್ನ ಗಲ್ಲಾಪೆಟ್ಟಿಗೆಯ ಕೆಳಗಿನ ಆ ಕೆಂಪು ಲೆಕ್ಕದ ಪುಸ್ತಕ ಇದೆಯಲ್ಲ, ನಿಮ್ಮ ಅಪ್ಪ ನಿನಗೇ ಮುಟ್ಟಲು ಬಿಡುತ್ತಿರಲಿಲ್ಲ. ಅದನ್ನು ಹುಡುಗರಿಗೆ ತೋರಿಸುತ್ತೀಯಾ? ಮುಂದಿನ ಸಲ ಫೋನ್ ಮಾಡಿದಾಗ ಅದನ್ನು ಹೇಳು.

ನಿನ್ನ ಗೆಳೆಯ,
ರೆಡಿಂಗ್‌ನಿಂದ