ಹಾಸ್ಟೆಲ್ ಓದಿಗೆ ಬೆಳಗಿನ ಬಿಸಿಲು ಬೇಕು

ಮಾನ್ಯರೇ,

ಪಾವಗಡ, ಶಿರಾ, ಮಧುಗಿರಿ ಕಡೆಯಿಂದ ತುಮಕೂರಿಗೆ ಬಂದು ಓದುವ ಮಕ್ಕಳನ್ನು ಪರೀಕ್ಷೆ ಹತ್ತಿರವಾದಂತೆ ಹಾಸ್ಟೆಲ್‌ಗಳಲ್ಲಿ ಬೆಳಗಿನ ಜಾವ ನಾಲ್ಕಕ್ಕೇ ಎಬ್ಬಿಸಿ, ಟ್ಯೂಬ್‌ಲೈಟ್ ಕೆಳಗೆ ಕೂರಿಸುವ ರೂಢಿಯಿದೆ. ಉದ್ದೇಶ ಒಳ್ಳೆಯದೇ, ಆದರೆ ಮಿದುಳಿಗೆ ಇದು ತಿರುಗುಬಾಣವಾಗಬಹುದು.

ನಮ್ಮ ಕಣ್ಣಿನ ಒಳಪದರವಾದ ಅಕ್ಷಿಪಟಲದಲ್ಲಿ, ಬೆಳಕನ್ನು ಗ್ರಹಿಸುವ ಮೆಲನಾಪ್ಸಿನ್ ಎಂಬ ವರ್ಣದ್ರವ್ಯ ಇರುವ ಕೆಲವು ನರಕೋಶಗಳಿವೆ. ಸುಮಾರು 480 ನ್ಯಾನೋಮೀಟರ್‌ನ ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುವ ಇವು ನಿದ್ರೆ–ಎಚ್ಚರದ ಹೊತ್ತನ್ನು ನಿರ್ಧರಿಸುವ ಮಿದುಳಿನ ಜೈವಿಕ ಗಡಿಯಾರಕ್ಕೂ ಮನಸ್ಥಿತಿಯನ್ನು ನಿಯಂತ್ರಿಸುವ ಭಾಗಗಳಿಗೂ ಸುದ್ದಿ ಮುಟ್ಟಿಸುತ್ತವೆ. 2012ರ ಪ್ರಯೋಗವೊಂದರಲ್ಲಿ ಇಲಿಗಳನ್ನು ಮೂರೂವರೆ ಗಂಟೆ ಬೆಳಕು, ಮೂರೂವರೆ ಗಂಟೆ ಕತ್ತಲಲ್ಲಿಟ್ಟಾಗ ನಿದ್ರೆಯ ಒಟ್ಟು ಪ್ರಮಾಣ ಕುಗ್ಗದಿದ್ದರೂ ಅವು ಮಂಕಾದವು, ಕಲಿಕೆ ಕುಂಠಿತವಾಯಿತು. ಈ ಕೋಶಗಳಿಲ್ಲದ ಇಲಿಗಳಿಗೆ ಆ ತೊಂದರೆ ತಟ್ಟಲಿಲ್ಲ. ಇಲಿ ನಿಶಾಚರಿ, ಅದರ ಫಲಿತಾಂಶವನ್ನು ಮಕ್ಕಳಿಗೆ ನೇರವಾಗಿ ಹೊಂದಿಸಲಾಗದು ನಿಜ. ಆದರೆ ರಾತ್ರಿಯ ಪ್ರಖರ ಬೆಳಕು ಮನುಷ್ಯರಲ್ಲೂ ದೇಹವನ್ನು ನಿದ್ರೆಗೆ ಸಜ್ಜುಗೊಳಿಸುವ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸಿ ಈ ಗಡಿಯಾರವನ್ನು ತಡವಾಗಿಸುತ್ತದೆ.

ತಾನಾಗಿ ಏಳಕ್ಕೆ ಏಳುವ ಹುಡುಗನ ದೇಹಕ್ಕೆ ನಾಲ್ಕು ಗಂಟೆ ಇನ್ನೂ ರಾತ್ರಿಯೇ. ದೇಹದ ಉಷ್ಣಾಂಶ ತೀರಾ ಕೆಳಗಿಳಿಯುವುದು ಏಳುವ ಹೊತ್ತಿಗೆ ಎರಡು–ಮೂರು ಗಂಟೆ ಮುಂಚೆ. ಅದಕ್ಕೂ ಮೊದಲು ಕಣ್ಣಿಗೆ ಬಿದ್ದ ಬೆಳಕು ಮುಂದಿನ ರಾತ್ರಿಯ ನಿದ್ರೆಯನ್ನು ಇನ್ನಷ್ಟು ತಡವಾಗಿಸುತ್ತದೆ. ಮರುದಿನ ತರಗತಿಯಲ್ಲಿ ತೂಕಡಿಸುವ ಮಗುವಿಗೆ ಸೋಮಾರಿ ಎಂಬ ಬೈಗುಳ ಅನ್ಯಾಯ. ಬೇಗ ಏಳಿಸಲೇಬೇಕಿದ್ದರೆ ಮಲಗುವ, ಏಳುವ ಹೊತ್ತನ್ನು ದಿನಕ್ಕೆ ಹದಿನೈದು ನಿಮಿಷದಂತೆ ಬೇಗ ಮಾಡುತ್ತ ಬನ್ನಿ.

ಚೆನ್ನಾಗಿ ಬೆಳಕು ಹರಿದ ಮೇಲೆ ಮೊದಲ ಅರ್ಧ ಗಂಟೆಯ ಓದು ಜಗಲಿಯಲ್ಲೋ ಅಂಗಳದಲ್ಲೋ ನಡೆಯಲಿ. ಮೋಡವಿದ್ದರೂ ಹೊರಗೆ ಸಾವಿರಾರು ಲಕ್ಸ್ (ಬೆಳಕಿನ ತೀವ್ರತೆಯ ಅಳತೆ) ಬೆಳಕಿರುತ್ತದೆ. ಕೋಣೆಯ ಬೆಳಕನ್ನು ಮೊಬೈಲ್‌ನ ಲಕ್ಸ್ ಮೀಟರ್ ಆ್ಯಪ್‌ನಿಂದ ಅಂದಾಜು ಮಾಡಬಹುದು. ಬಹಳಷ್ಟು ಮಂದಿ ಮೊಬೈಲನ್ನು ಮೇಜಿನ ಮೇಲೆ ಮಲಗಿಸಿ, 300 ತೋರಿಸಿತೆಂದು ಸಮಾಧಾನಪಡುತ್ತಾರೆ. ಅದು ಪುಸ್ತಕಕ್ಕೆ ಬಿದ್ದ ಬೆಳಕು. ಕೂತವರ ಕಣ್ಣಿನ ಎತ್ತರದಲ್ಲಿ, ಮುಖ ನೋಡುವ ದಿಕ್ಕಿಗೇ ಪರದೆ ಮಾಡಿ ಹಿಡಿದರೆ ಅಂಕಿ ಎಷ್ಟೋ ಸಲ ಅರ್ಧಕ್ಕಿಳಿಯುತ್ತದೆ. ಕಿಟಕಿ ಗಾಜಿಗೆ ಅಂಟಿಸಿದ ಪೇಪರ್ ಕಿತ್ತು, ಬೆಳಕು ಪಕ್ಕದಿಂದ ಬೀಳುವಂತೆ ಮೇಜು ತಿರುಗಿಸಿ.

ರಾತ್ರಿ ಒಂಬತ್ತರ ನಂತರ ಚಾವಣಿಯ ಬಿಳಿ ಟ್ಯೂಬ್ ಆರಿಸಿ, 2700 ಕೆಲ್ವಿನ್‌ನ ವಾರ್ಮ್ ವೈಟ್ ಬಲ್ಬಿನ ಟೇಬಲ್ ಲ್ಯಾಂಪ್ ಪುಸ್ತಕಕ್ಕಷ್ಟೇ ಬೀಳುವಂತಿಡಿ. ಮಲಗುವ ಕೋಣೆಗೆ ವೆಂಟಿಲೇಟರ್‌ನಿಂದ ನುಗ್ಗುವ ಕಾರಿಡಾರ್ ದೀಪಕ್ಕೂ ರಟ್ಟಿನ ಮರೆ ಬೇಕು.

– ಜೀವಶಾಸ್ತ್ರ ಉಪನ್ಯಾಸಕರು, ತುಮಕೂರು