ಆ ಸಾಲಿನಲ್ಲಿ 'ಅಮ್ಮ' ಅಂತಲೇ ಬರೆ

ಪ್ರೀತಿಯ ಪುಟ್ಟಿ,

ಉಗ್ಗಿನ ಬಗ್ಗೆ ಬರೆಯಬೇಕು ಅಂತ ಆಸೆ, ಆದರೆ ಕೂತರೆ ಕೈ ಓಡಲ್ಲ ಅಂದೆಯಲ್ಲ. ನೀನು ಕಳಿಸಿದ ಪುಟಗಳನ್ನು ಓದಿದೆ. ಫೋನಿನಲ್ಲಿ ಹೇಳಲು ಹೋದರೆ ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ಪುರುಸೊತ್ತಾದಾಗ ಓದಿಕೋ.

ನಿನ್ನ ಭಯ ನನಗೆ ಅರ್ಥವಾಗುತ್ತೆ. ಮೆಸೇಜು, ಮೇಲ್ ಮೂಲಕ ಮಾತ್ರ ನಿನ್ನನ್ನು ಬಲ್ಲವರು ಎಷ್ಟೋ ಜನ. ಅವರಿಗೆ ನಿನಗೆ ಉಗ್ಗು ಇದೆ ಅನ್ನೋದೇ ಗೊತ್ತಿಲ್ಲ. ಅಕ್ಷರದಲ್ಲಿ ನೀನು ಸರಾಗ. ಈಗ ಅದೇ ಅಕ್ಷರದಲ್ಲಿ ಹೋಗಿ ಎಲ್ಲಾ ಹೇಳಿಬಿಟ್ಟರೆ, ಇದ್ದ ಒಂದು ಅಡಗುವ ಜಾಗವನ್ನೂ ನೀನೇ ಬಿಟ್ಟುಕೊಟ್ಟಂತೆ. ಹೆದರಿಕೆ ಆಗದೆ ಇರುತ್ತಾ?

ಆದರೆ ನೀನು ಎರಡು ಕೆಲಸಗಳನ್ನು ಒಂದೇ ಗಂಟು ಕಟ್ಟಿದ್ದೀಯ. ಬರೆಯುವುದು ಒಂದು. ಬರೆದದ್ದನ್ನು ನಾಲ್ಕು ಜನರ ಮುಂದೆ ಇಡುವುದು ಇನ್ನೊಂದು. ಮೊದಲ ಸಾಲು ಬರೆಯುವಾಗಲೇ ಆಫೀಸಿನವರು ಏನಂದುಕೊಳ್ಳುತ್ತಾರೆ, ಚಿಕ್ಕಪ್ಪ ಏನಂತಾರೆ, ಅಮ್ಮನಿಗೆ ಬೇಜಾರಾಗುತ್ತಾ ಅಂತ ಲೆಕ್ಕ ಹಾಕುತ್ತಾ ಕೂತರೆ ಎರಡನೇ ಸಾಲು ಎಲ್ಲಿಂದ ಬರಬೇಕು? ಯಾರಿಗೂ ತೋರಿಸದ ಪ್ರತಿ ಅಂತ ಒಂದಿರಲಿ. ಅದರಲ್ಲಿ ನಿಜವಾದ ಹೆಸರು, ಸಿಟ್ಟು, ಬೈಗುಳ, ತಪ್ಪು ಕಾಗುಣಿತ ಎಲ್ಲಾ ಇರಲಿ. ತೋರಿಸುವ ಪ್ರತಿ ಆಮೇಲೆ ನೋಡೋಣ.

ನಾಜಿಗಳಿಗೆ ಹೆದರಿ ಅಡಗಿದ್ದ ಯೆಹೂದಿ ಹುಡುಗಿ ಆ್ಯನ್ ಫ್ರಾಂಕ್ ಕೂಡ ಹೀಗೇ ಮಾಡಿದ್ದಳು, ಗೊತ್ತಾ? 1942ರ ಜೂನ್ 12ಕ್ಕೆ ಅವಳಿಗೆ ಹದಿಮೂರು ತುಂಬಿದಾಗ ಆ ಡೈರಿ ಸಿಕ್ಕಿತು. ಮೊದಲು ತನಗಾಗಿಯೇ ಬರೆದುಕೊಂಡಳು. 1944ರ ಮಾರ್ಚಿನಲ್ಲಿ ಡಚ್ ಮಂತ್ರಿಯೊಬ್ಬರು ಲಂಡನ್ನಿನಿಂದ ರೇಡಿಯೋದಲ್ಲಿ ಮಾತಾಡುತ್ತಾ, ಜನ ತಮ್ಮ ಡೈರಿ, ಪತ್ರಗಳನ್ನು ಜೋಪಾನವಾಗಿ ಇಟ್ಟುಕೊಳ್ಳಲಿ, ಯುದ್ಧ ಮುಗಿದ ಮೇಲೆ ಬೇಕಾಗುತ್ತವೆ ಅಂದರು. ಅದನ್ನು ಕೇಳಿದ ಮೇಲೆ ಅವಳು ಬಿಡಿ ಹಾಳೆಗಳ ಮೇಲೆ ಮತ್ತೆ ಬರೆಯಲು ಶುರು ಮಾಡಿದಳು. ಕೆಲವು ಕಡೆ ಕತ್ತರಿಸಿದಳು, ಕೆಲವು ಕಡೆ ಸೇರಿಸಿದಳು. ಯಾರಿಗೆ ಯಾವ ಹೆಸರು ಬದಲಿಸಬೇಕು ಅಂತ ಪಟ್ಟಿಯನ್ನೂ ಮಾಡಿಕೊಂಡಳು. ಹದಿನಾಲ್ಕು ಹದಿನೈದರ ಹುಡುಗಿ! ಒಂದು ತನಗೆ, ಒಂದು ಲೋಕಕ್ಕೆ. ಅವಳು ಹೋದ ಮೇಲೆ 1947ರಲ್ಲಿ ಅವಳ ಅಪ್ಪ ಪುಸ್ತಕ ಮಾಡಿಸಿದಾಗ ಅವರೂ ಕೆಲವು ಭಾಗ ಬಿಟ್ಟರು. ಮನೆಯವರ ಕೈಗೆ ಕತ್ತರಿ ಸಿಕ್ಕರೆ ಹಾಗೇ. ಅದಕ್ಕೇ ಹೇಳುತ್ತೀನಿ, ಏನು ಬಿಡಬೇಕು ಅನ್ನೋದನ್ನು ನೀನೇ ತೀರ್ಮಾನ ಮಾಡು.

ಇನ್ನೊಂದು ವಿಷಯ ಮೊದಲೇ ಗೊತ್ತಿರಲಿ. ಬರೆದ ಕೂಡಲೇ ಮನಸ್ಸು ಹಗುರ ಆಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಆಗದೆಯೂ ಇರಬಹುದು. ಜೇಮ್ಸ್ ಪೆನ್ನೆಬೇಕರ್ ಅನ್ನುವ ಮನಶ್ಶಾಸ್ತ್ರಜ್ಞರು 1986ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿ, ದಿನಕ್ಕೆ 15 ನಿಮಿಷದಂತೆ ಸತತ 4 ದಿನ ಬರೆಸಿದರು. ಕೆಲವರಿಗೆ ಸುಮ್ನೆ ಏನೋ ಒಂದು ವಿಷಯ, ಉಳಿದವರಿಗೆ ತಮ್ಮ ಬದುಕಿನ ಕಹಿ ಘಟನೆ. ಕಹಿ ಘಟನೆ ಬರೆದವರಲ್ಲಿ ಹಲವರು ಬರೆದ ಆ ಹೊತ್ತಿಗೆ ಇನ್ನೂ ಸಪ್ಪಗಾಗಿದ್ದರು. ಆದರೆ ನಡೆದದ್ದರ ಜೊತೆಗೆ ಆಗ ತಮಗೆ ಏನನ್ನಿಸಿತು ಅನ್ನೋದನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಹತ್ತಿರ ಹೋದದ್ದು ಕಡಿಮೆ. ಆಮೇಲೆ ಬಂದ ಅಧ್ಯಯನಗಳಲ್ಲಿ ಇದರ ಲಾಭ ಅಷ್ಟೇನೂ ದೊಡ್ಡದಾಗಿ ಕಾಣಲಿಲ್ಲ ಅನ್ನೋದೂ ನಿಜ. ನಾನು ಇದನ್ನು ಹೇಳಿದ್ದು ಇಷ್ಟಕ್ಕೇ: ಬರೆದು ಎದ್ದಾಗ ಅಳು ಬಂದರೆ, ಇದು ನನ್ನ ಕೈಲಿ ಆಗಲ್ಲ ಅಂತ ಫೈಲ್ ಅಳಿಸಿಬಿಡಬೇಡ. ಎದ್ದು ಓಡಾಡು. ದಿನಗಟ್ಟಲೆ ನಿದ್ದೆಗೆಡುವಂತಾದರೆ ಮಾತ್ರ ನಿಲ್ಲಿಸಿ, ಬಲ್ಲವರ ಹತ್ತಿರ ಮಾತಾಡು.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದೆ. ಹುಟ್ಟಿದಾಗಿನಿಂದ ಮಾತ್ರ ಬೇಡ. ನಿನ್ನ ಪುಟಗಳಲ್ಲಿ 'ಉಗ್ಗಿನಿಂದ ನಾನು ಬಹಳ ನೋವು ಅನುಭವಿಸಿದೆ' ಅಂತ ಬರೆದಿದ್ದೀಯ. ಅದನ್ನು ಯಾರು ಬೇಕಾದರೂ ಬರೆಯಬಹುದು. ಸುತ್ತಲೂ ಕುರ್ಚಿ ಹಾಕಿ ಎಲ್ಲರೂ ಪರಿಚಯ ಹೇಳಿಕೊಳ್ಳುವಾಗ ನೀನು ಏನು ಮಾಡುತ್ತೀಯ ಅಂತ ಬರೆ. ನನ್ನ ಸರದಿ ಬರಲು ಇನ್ನೆಷ್ಟು ಜನ ಅಂತ ಎಣಿಸುವುದು. ಪಕ್ಕದವರ ಹೆಸರು ಕಿವಿಗೇ ಬೀಳದಿರುವುದು. ನಿನ್ನ ಹೆಸರಿಗೆ ಬಂದಾಗ ತುಟಿ ಅಂಟಿಕೊಂಡು, ಎದುರಿಗಿರುವವರು ನಗುತ್ತಾ 'ಹೆಸರೇ ಮರೆತುಹೋಯ್ತಾ?' ಅನ್ನುವುದು. ಉಗ್ಗು ಇರುವ ತುಂಬಾ ಜನರಿಗೆ ಎಲ್ಲಕ್ಕಿಂತ ಕಷ್ಟದ ಮಾತು ಸ್ವಂತ ಹೆಸರೇ ಅಂತೆ. ಬೇರೆ ಪದವಾದರೆ ಬದಲಿಸಬಹುದು, ಹೆಸರನ್ನು ಬದಲಿಸೋಕೆ ಆಗಲ್ಲವಲ್ಲ.

ಪದ ಬದಲಿಸುವುದೂ ಒಂದು ಕಥೆಯೇ. 'ಬುಧವಾರ' ಬಾಯಿಗೆ ಬರದೆ ನೀನು 'ನಾಳಿದ್ದು' ಅಂದುಬಿಟ್ಟದ್ದು, ನಾಳಿದ್ದು ಗುರುವಾರ ಆಗಿದ್ದದ್ದು, ಪಾಪ ಆ ಹುಡುಗಿ ಒಂದು ದಿನ ತಡವಾಗಿ ಬಂದು ನಿನ್ನನ್ನೇ ಬೈದದ್ದು ನೆನಪಿದೆಯಾ? ನೀನೂ ನಕ್ಕಿದ್ದೆ. ಅದು ಯಾಕೆ ಆ ಪುಟಗಳಲ್ಲಿ ಇಲ್ಲ? ನಗು ಬಂದರೆ ನೋವು ಸುಳ್ಳಾಗುತ್ತೆ ಅಂದುಕೊಂಡೆಯಾ?

ಈಗ ನಿಜವಾದ ವಿಷಯಕ್ಕೆ ಬರುತ್ತೀನಿ. ಆಸ್ಪತ್ರೆಯ ಕೌಂಟರಿನ ಭಾಗದಲ್ಲಿ ನೀನು ಬರೆದಿದ್ದೀಯ: 'ಆಗ ಪಕ್ಕದಲ್ಲಿದ್ದವರು ನನ್ನ ಹೆಸರು ಹೇಳಿದರು.' ಪಕ್ಕದಲ್ಲಿದ್ದವರು ಯಾರು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಆ ಪುಟಗಳಲ್ಲಿ ನಾನು ಎಲ್ಲೂ ಇಲ್ಲ ಪುಟ್ಟಿ. ಇಡೀ ಬಾಲ್ಯದಲ್ಲಿ ನಿನಗೆ ಅಮ್ಮನೇ ಇರಲಿಲ್ಲವೇನೋ ಅನ್ನಿಸುತ್ತೆ ಓದಿದರೆ. ನನ್ನನ್ನು ತೆಗೆದ ಕಡೆಯೆಲ್ಲಾ ವಾಕ್ಯ ಕುಂಟುತ್ತಿದೆ. ನಿನ್ನ ಕೈ ಕಟ್ಟಿರುವುದು ಆಫೀಸಿನವರ ಭಯವೂ ಅಲ್ಲ, ಚಿಕ್ಕಪ್ಪನ ಭಯವೂ ಅಲ್ಲ ಅನ್ನಿಸಿತು.

ಅಲ್ಲಿ 'ಅಮ್ಮ' ಅಂತಲೇ ಬರೆ. ನನ್ನ ನೆನಪಿನಲ್ಲಿ ನಮ್ಮ ಹಿಂದೆ ಉದ್ದ ಸಾಲಿತ್ತು, ಕೌಂಟರಿನವನು ಪೆನ್ನು ಕುಟ್ಟುತ್ತಿದ್ದ, ನಿನ್ನ ಕಿವಿ ಕೆಂಪಗಾಗಿತ್ತು. ನೋಡಲಾಗದೆ ಹೇಳಿದೆ. ನಿನ್ನ ನೆನಪಿನಲ್ಲಿ ಹೆಸರಿನ ಮೊದಲ ಅಕ್ಷರ ಆಗಲೇ ಹೊರಗೆ ಬಂದಿತ್ತು, ಇನ್ನೊಂದು ಗಳಿಗೆ ಬಿಟ್ಟಿದ್ದರೆ ಪೂರ್ತಿ ಬರುತ್ತಿತ್ತು. ಎರಡೂ ನಿಜ ಇರಬಹುದು. ಆದರೆ ಇದು ನಿನ್ನ ಬರವಣಿಗೆ. ನನ್ನ ನೆನಪು ಕೇಳಿಕೊಂಡು ನಿನ್ನದನ್ನು ತಿದ್ದಬೇಡ. ಓದುವಾಗ ನನಗೆ ಚುರುಕ್ ಅನ್ನಬಹುದು. ಅನ್ನಲಿ ಬಿಡು, ನಾನು ದೊಡ್ಡವಳು, ತಡೆದುಕೊಳ್ಳುತ್ತೀನಿ.

ಎಲ್ಲರ ವಿಷಯದಲ್ಲೂ ಹೀಗೆ ಧಾರಾಳ ಆಗೋಕಾಗಲ್ಲ. ಕ್ಲಾಸಿನಲ್ಲಿ ನಿನ್ನನ್ನು ಅಣಕಿಸುತ್ತಿದ್ದ ಹುಡುಗಿಯ ಹೆಸರು, ಗುರುತು ಬದಲಿಸು. ಅಣಕಿಸಿದ್ದನ್ನು ಬದಲಿಸಬೇಡ. ತಮ್ಮನ ವಿಷಯ ಬಂದರೆ ಅವನನ್ನು ಕೇಳು. ಅವನು ನಿನಗೊಬ್ಬಳಿಗೇ ಹೇಳಿದ್ದು ನಿನ್ನ ಕಥೆಯಲ್ಲಿ ಎಷ್ಟು ಚೆನ್ನಾಗಿ ಕೂತರೂ ಅದು ಅವನದೇ. ಇನ್ನು, ಯಾರನ್ನೋ ಚುಚ್ಚಬೇಕು ಅಂತಲೇ ಒಂದು ಸಾಲು ಬಂದಿದ್ದರೆ ನಿನಗೇ ತಿಳಿಯುತ್ತೆ. ಅದು ಉಳಿದವುಗಳಿಗಿಂತ ಜಾಸ್ತಿ ಚೆನ್ನಾಗಿರುತ್ತೆ!

ನೇರವಾಗಿ ಹೇಳೋದೇ ಬೇಡ ಅನ್ನಿಸಿದರೆ ಕಥೆ ಮಾಡು. ಇಂಗ್ಲಿಷ್ ಲೇಖಕ ಸಾಮರ್‌ಸೆಟ್ ಮಾಮ್‌ಗೆ ಉಗ್ಗು ಇತ್ತು. 1915ರಲ್ಲಿ ಬಂದ ಅವರ 'ಆಫ್ ಹ್ಯೂಮನ್ ಬಾಂಡೇಜ್' ಕಾದಂಬರಿಯ ಹುಡುಗ ಫಿಲಿಪ್ ಅವರ ಹಾಗೇ ಅಪ್ಪ ಅಮ್ಮ ಇಲ್ಲದೆ ಪಾದ್ರಿ ಚಿಕ್ಕಪ್ಪನ ಮನೆಯಲ್ಲಿ ಬೆಳೆಯುತ್ತಾನೆ. ಆದರೆ ಅವನಿಗೆ ಉಗ್ಗಿಲ್ಲ, ಸೊಟ್ಟ ಪಾದ. ಮಾಮ್ ತಮ್ಮ ಉಗ್ಗನ್ನೇ ಆ ಪಾದಕ್ಕೆ ಇಳಿಸಿದ್ದಾರೆ ಅಂತ ಓದಿದವರು ಹೇಳುವುದುಂಟು. ಅದೂ ಒಂದು ದಾರಿ, ಹೇಡಿತನ ಏನಲ್ಲ.

ಹೊರಗೆ ಇಡುವ ದಿನ ಬಂದರೆ ಮೊದಲು ಒಬ್ಬರಿಗೇ ತೋರಿಸು. 'ಹೇಗಿದೆ?' ಅಂತ ಕೇಳಬೇಡ, ಚೆನ್ನಾಗಿದೆ ಅಂತಲೇ ಅಂತಾರೆ. ಎಲ್ಲಿ ಅರ್ಥ ಆಗಲಿಲ್ಲ, ಎಲ್ಲಿ ಬೇಜಾರು ಬಂತು ಅಂತ ಕೇಳು. ಯಾರಾದರೂ ತಮಾಷೆ ಮಾಡಿದರೆ ಇವತ್ತಿಗೂ ತಡೆಯೋಕಾಗದ ಭಾಗ ಇದ್ದರೆ ಅದನ್ನು ಈಗ ಇಟ್ಟುಕೋ. ಒಮ್ಮೆ ಹೊರಗೆ ಹೋದದ್ದನ್ನು ವಾಪಸ್ ಕರೆಯೋಕಾಗಲ್ಲ. ನೀನು ಅಳಿಸಿದರೂ ಯಾರದೋ ಫೋನಿನಲ್ಲಿ ಸ್ಕ್ರೀನ್‌ಶಾಟ್ ಇರುತ್ತೆ.

ಆಮೇಲೆ ಏನಾಗುತ್ತೆ ಅಂತ ನೀನು ರಾತ್ರಿಯೆಲ್ಲಾ ಯೋಚಿಸುತ್ತೀಯಲ್ಲ, ಬಹುಶಃ ಏನೂ ಆಗಲ್ಲ. ಜನ ಓದಿ ಸುಮ್ಮನಿರುತ್ತಾರೆ. ಬೈಗುಳಕ್ಕಿಂತ ಅದಕ್ಕೇ ತಯಾರಾಗಿರಬೇಕು. ಕೆಲವರು 'ಉಸಿರು ಎಳೆದುಕೊಂಡು ನಿಧಾನಕ್ಕೆ ಮಾತಾಡು' ಅಂತ ಬುದ್ಧಿ ಹೇಳುತ್ತಾರೆ. ಕೆಲವರು ಒಳ್ಳೆ ಮನಸ್ಸಿನಿಂದಲೇ 'ನಿಂಗೆ ಉಗ್ಗಿದೆ ಅಂತ ಗೊತ್ತೇ ಆಗಲ್ಲ ಕಣೇ' ಅನ್ನುತ್ತಾರೆ. ಗೊತ್ತಾಗದಿರಲಿ ಅಂತ ನೀನು ಎಷ್ಟು ಒದ್ದಾಡಿದ್ದೀಯ ಅಂತ ತಾನೇ ಬರೆದದ್ದು! ಆದರೆ ದೊಡ್ಡವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಉಗ್ಗು ಇರುತ್ತೆ. ಅವರಲ್ಲಿ ಒಬ್ಬರು ಎಲ್ಲರ ಎದುರು ಏನೂ ಹೇಳದೆ ನಿನಗೆ ಮಾತ್ರ ಒಂದು ಸಾಲು ಕಳಿಸಬಹುದು. ಕಳಿಸದೆಯೂ ಇರಬಹುದು.

ಮುಂದಿನ ಭಾಗವನ್ನು ನನಗೆ ಕಳಿಸಬೇಡ. ನಿನ್ನ ಗೆಳತಿಗೆ ಕಳಿಸು. ನನ್ನ ಕೈಗೆ ಸಿಕ್ಕರೆ ನಾನು ಅಲ್ಪಪ್ರಾಣ ಮಹಾಪ್ರಾಣ ತಿದ್ದುತ್ತಾ ಕೂರುತ್ತೀನಿ. 'ಅನುಭವಿಸಿದೆ' ಪದದಲ್ಲಿ ಭ-ಕ್ಕೆ ಹೊಟ್ಟೆ ಸೀಳಬೇಕು, ನೀನು ಮೂರು ಕಡೆ ಬಿಟ್ಟಿದ್ದೀಯ.

ನಿನ್ನ
ಅಮ್ಮ